ಬುಡತ್ಲಾಗೆ

ಪ್ರತಿ ವರ್ಷ ಮಳೆ ಹಿಡಿದು ಕನ್ನಂಬಾಡಿ ಕಟ್ಟೆ ತುಂಬುತ್ತಾ ಬಂದ ಹಾಗೆ ಅವ್ವನ ಫೋನ್ ಬರುತ್ತಿತ್ತು. ಊಟ ಆಯ್ತಾ, ಮಗಳು ಹೆಂಗವ್ಳೆ ಅನ್ನುವುದೆಲ್ಲ ಆಮೇಲೆ. ಮೊದಲ ಮಾತು ಇದೇ: "ನಾಲೆಗೆ ನೀರ್ ಬುಟ್ಟವ್ರಂತೆ ಕಣವ್ವ. ಉಸಾರು."

ನಾನಿರುವುದು ಮೈಸೂರಿನಲ್ಲಿ. ಮದುವೆಯಾಗಿ ಬಂದು 24 ವರ್ಷ ಆಯಿತು. ನಮ್ಮ ಬೀದಿಯ ಹತ್ತಿರ ಯಾವ ನಾಲೆಯೂ ಇಲ್ಲ. ಆದರೂ ಆ ಫೋನ್ ತಪ್ಪುತ್ತಿರಲಿಲ್ಲ. ನಾನೂ ತಪ್ಪದೆ "ಹ್ಞೂಂ ಅವ್ವ, ಹುಷಾರಾಗಿರ್ತೀನಿ" ಅನ್ನುತ್ತಿದ್ದೆ. ಅಷ್ಟು ಆಡಿದ ಮೇಲೆ ಇಬ್ಬರಿಗೂ ಸಮಾಧಾನ.

ನನಗೆ ನೀರಿನ ಗಂಡ ಇದೆ, ಅಂದರೆ ನೀರಿನಿಂದ ಜೀವಕ್ಕೆ ಅಪಾಯ ಇದೆ ಅಂತ ಹುಟ್ಟಿದಾಗಲೇ ಹೇಳಿದ್ದರಂತೆ. ನಾನು ಹುಟ್ಟಿದ್ದು ಆಶ್ಲೇಷ ನಕ್ಷತ್ರದ ಕೊನೆಯ ಪಾದದಲ್ಲಿ. ಜಾತಕ ನೋಡುವವರು ಅದನ್ನು ಗಂಡಾಂತ ಅನ್ನುತ್ತಾರೆ. ಆಶ್ಲೇಷ ಮುಗಿದು ಮಖೆ ಶುರುವಾಗುವ ಆ ಸಂದಿಯಲ್ಲೇ ಕರ್ಕಾಟಕ ರಾಶಿ ಮುಗಿದು ಸಿಂಹ ಶುರುವಾಗುತ್ತದೆ. ಒಂದು ನೀರಿನ ರಾಶಿ, ಇನ್ನೊಂದು ಬೆಂಕಿಯ ರಾಶಿ. ಜ್ಯೇಷ್ಠಾ-ಮೂಲಾ ಸಂದಿಗೂ, ರೇವತಿ-ಅಶ್ವಿನಿ ಸಂದಿಗೂ ಇದೇ ಲೆಕ್ಕ. ಇದೆಲ್ಲ ನಾನು ದೊಡ್ಡವಳಾದ ಮೇಲೆ ಕೇಳಿ ತಿಳಿದುಕೊಂಡದ್ದು. ಚಿಕ್ಕವಳಿದ್ದಾಗ ಗೊತ್ತಿದ್ದದ್ದು ಒಂದೇ. ನೀರು ನನ್ನನ್ನು ತಗೊಂಡು ಹೋಗುತ್ತೆ.

ನಮ್ಮೂರು ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಊರು. ರಾಗಿ, ಹುರುಳಿ ಬೆಳೆಯುತ್ತಿದ್ದ ಒಣ ನೆಲಕ್ಕೆ 1930ರ ದಶಕದಲ್ಲಿ ಕಟ್ಟೆ ನೀರು ಬಂತು. ಭತ್ತ ಬಂತು, ಕಬ್ಬು ಬಂತು. ಮೊದಲು ಇರ್ವಿನ್ ನಾಲೆ ಅಂತಿದ್ದದ್ದು ಆಮೇಲೆ ವಿಶ್ವೇಶ್ವರಯ್ಯ ನಾಲೆ ಆಯಿತು. ನಾವು ಸುಮ್ನೆ ನಾಲೆ ಅಂತೀವಿ. ಊರಿನ ಮಕ್ಕಳೆಲ್ಲ ಶನಿವಾರ ಮಧ್ಯಾಹ್ನ ತೂಬಿನ ಹತ್ತಿರ ಸೇರುತ್ತಿದ್ದರು. ಎಮ್ಮೆ ಮೈ ತೊಳೆಯುವ ನೆಪದಲ್ಲಿ ಹುಡುಗರು ಧುಮುಕುತ್ತಿದ್ದರು. ಹುಡುಗಿಯರು ಲಂಗ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ಇಳಿಯುತ್ತಿದ್ದರು. ನಾನು ದಂಡೆಯ ಮೇಲಿನ ಹೊಂಗೆ ಮರದ ಕೆಳಗೆ ಕೂತು ಎಲ್ಲರ ಚಪ್ಪಲಿ ಕಾಯುತ್ತಿದ್ದೆ. ಬೇಜಾರು ಅನ್ನಿಸುತ್ತಿರಲಿಲ್ಲ. ಅವರೆಲ್ಲ ನೀರಿನವರು, ನಾನು ದಂಡೆಯವಳು. ಹಾಗೇ ಅಂದುಕೊಂಡಿದ್ದೆ.

ಇಂಥ ನಂಬಿಕೆ ಇದ್ದಲ್ಲೇ ಇರುವುದಿಲ್ಲ, ಕಳೆ ಥರ ಹಬ್ಬುತ್ತದೆ. ನಾಲೆ ಬೇಡ ಅಂತ ಶುರುವಾದದ್ದು ನಾಲೆ ಪಕ್ಕದ ರಸ್ತೆ ಬೇಡ ಅಂತಾಯಿತು. ಅದರಿಂದ ಸ್ಕೂಟರ್ ಕಲಿಯುವುದು ಬೇಡ ಅಂತಾಯಿತು. ಗಂಡ ಗೋಕರ್ಣಕ್ಕೆ ಹೋಗೋಣ ಅಂದಾಗ ಹೊಟ್ಟೆನೋವು ಬಂತು. ಸುಳ್ಳು ಹೊಟ್ಟೆನೋವಲ್ಲ, ನಿಜವಾಗಿಯೇ ಬಂತು. ಹೊಸ ಕೆಲಸಕ್ಕೆ ಅರ್ಜಿ ಹಾಕುವುದು, ನಾಲ್ಕು ಜನರ ಮುಂದೆ ನಿಂತು ಮಾತಾಡುವುದು, ಎಲ್ಲದರ ಮುಂದೆಯೂ ನಾನು ಅದೇ ಹೊಂಗೆ ಮರದ ಕೆಳಗೆ ಕೂತುಬಿಡುತ್ತಿದ್ದೆ. ಇವಕ್ಕೂ ನೀರಿಗೂ ಏನು ಸಂಬಂಧ ಅಂತ ಕೇಳಿದರೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಗೆ ಪ್ರತಿ ವರ್ಷ ಆರ್ಕಿಮಿಡೀಸ್ ತತ್ವ ಹೇಳಿಕೊಡುತ್ತೇನೆ. ಮುಳುಗಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೋ, ಅಷ್ಟು ನೀರಿನ ತೂಕದಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಬಕೆಟ್ಟಿನಲ್ಲಿ ನಿಂಬೆಹಣ್ಣು ಹಾಕಿ ತೋರಿಸುತ್ತೇನೆ. ಉಪ್ಪು ಕದಡಿ ಮೊಟ್ಟೆ ತೇಲಿಸುತ್ತೇನೆ. ಎದೆ ತುಂಬ ಉಸಿರು ತಗೊಂಡರೆ ನಮ್ಮ ಮೈಯೂ ತೇಲುತ್ತದೆ ಅಂತ ಮಕ್ಕಳಿಗೆ ಹೇಳುತ್ತೇನೆ. ಹೇಳುವಾಗ ಒಂದು ಸಲವೂ ಆ "ನಮ್ಮ" ಅನ್ನುವುದರಲ್ಲಿ ನಾನೂ ಸೇರಿದ್ದೇನೆ ಅಂತ ಅನ್ನಿಸಿರಲಿಲ್ಲ. ತಿಳಿದದ್ದು ಒಂದು ಕೋಣೆಯಲ್ಲಿತ್ತು, ನಂಬಿದ್ದು ಇನ್ನೊಂದು ಕೋಣೆಯಲ್ಲಿ. ಮಧ್ಯದ ಬಾಗಿಲನ್ನು ನಾನು ತೆಗೆದೇ ಇರಲಿಲ್ಲ.

ದೇವರ ವಿಷಯ ಕೂಡ ಹೇಳಬೇಕು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ, ಹುಣ್ಣಿಮೆಗೆ ಗಂಜಾಂನ ನಿಮಿಷಾಂಬ. ಎಷ್ಟೋ ಸಲ ಬೆಟ್ಟವನ್ನು ಮೆಟ್ಟಿಲು ಹತ್ತಿಯೇ ಹೋಗಿದ್ದೇನೆ. ದೊಡ್ಡ ದೇವರಾಜ ಒಡೆಯರ ಕಾಲದ ಆ ಒಂದೇ ಕಲ್ಲಿನ ನಂದಿಯ ಮುಂದೆ ಉಸಿರು ಸುಧಾರಿಸಿಕೊಂಡು ಮತ್ತೆ ಹತ್ತಿದ್ದೇನೆ. ಬೇಡಿಕೊಂಡದ್ದು ಮಾತ್ರ ಎಲ್ಲ ಕಡೆ ಒಂದೇ. ತಾಯೀ, ನೀರಿನಿಂದ ಕಾಪಾಡು. ನಿಮಿಷಾಂಬ ದೇವಸ್ಥಾನದ ಎದುರಿಗೇ ಕಾವೇರಿಗೆ ಇಳಿಯುವ ಮೆಟ್ಟಿಲುಗಳಿವೆ. ಜನ ಕಾಲು ತೊಳೆದು, ತಲೆಗೆ ನೀರು ಚಿಮುಕಿಸಿಕೊಂಡು ಬರುತ್ತಾರೆ. ನಾನು ಮೇಲೆಯೇ ನಿಂತು ಕೈಮುಗಿಯುತ್ತಿದ್ದೆ. ಈಗ ಅನ್ನಿಸುತ್ತದೆ, ಅಷ್ಟು ವರ್ಷ ನಾನು ಪ್ರಾರ್ಥನೆ ಅಂದುಕೊಂಡು ಹೆದರಿಕೆಗೇ ನೀರು ಹಾಕಿ ಬೆಳೆಸುತ್ತಿದ್ದೆ ಅಂತ. ಈ ಮಾತು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಆದರೆ ನಿಜ.

2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ನಾಲೆಗೆ ಬಿತ್ತು. 30 ಜನ ಹೋದರು. ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅವತ್ತು ಅವ್ವ ಫೋನ್ ಮಾಡಿ ಏನೂ ಮಾತಾಡಲಿಲ್ಲ. ಸುಮ್ನೆ ಅತ್ತಳು. ನಾನೂ ಅತ್ತೆ. ಆ ಸಂಕಟದಲ್ಲಿ ನನ್ನ ನಂಬಿಕೆ ಇನ್ನೂ ಗಟ್ಟಿಯಾಯಿತು.

ಅದು ಮೊದಲ ಸಲ ಅಲುಗಾಡಿದ್ದು ಮಗಳಿಂದ. ಕಾಲೇಜಿನವರು ಮುರುಡೇಶ್ವರಕ್ಕೆ ಕರೆದುಕೊಂಡು ಹೋಗುತ್ತಾರೆ, ಹೋಗಲಾ ಅಂತ ಕೇಳಿದಳು. ನಾನು ರೊಟ್ಟಿ ತಟ್ಟುತ್ತಿದ್ದೆ. ತಿರುಗಿಯೂ ನೋಡದೆ "ನಮಗೆ ನೀರು ಆಗಿಬರಲ್ಲ" ಅಂದೆ. ಅವಳು ಜಗಳ ಮಾಡಲಿಲ್ಲ. "ಸರಿ ಅಮ್ಮ" ಅಂದು ಒಳಗೆ ಹೋದಳು. ಆ "ಸರಿ ಅಮ್ಮ" ನನ್ನ "ಹ್ಞೂಂ ಅವ್ವ"ದ ಹಾಗೇ ಇತ್ತು. ತಟ್ಟುತ್ತಿದ್ದ ಕೈ ನಿಂತಿತು. ಅವಳ ನಕ್ಷತ್ರ ಆಶ್ಲೇಷವಲ್ಲ. ಅವಳ ಜಾತಕದಲ್ಲಿ ಇಂಥದ್ದೇನೂ ಇಲ್ಲ. ನಾನು "ನಮಗೆ" ಅಂದೆ, ಅಲ್ವಾ? ನನ್ನ ಮರದ ಕೆಳಗೆ ಅವಳನ್ನೂ ಕೂರಿಸಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಹಾಗಂತ ಬೆಳಗ್ಗೆ ಎದ್ದು ಅವಳನ್ನು ಕಳಿಸಲೂ ಇಲ್ಲ.

ಅದಾದ ಮುಂದಿನ ಜನವರಿಯಲ್ಲಿ ಅವ್ವ ಹೋದಳು. ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದೆವು. ಪೂರ್ವಕ್ಕೆ ಹರಿಯುವ ಕಾವೇರಿ ಅಲ್ಲಿ ಒಂದಿಷ್ಟು ದೂರ ಪಶ್ಚಿಮಕ್ಕೆ ತಿರುಗುತ್ತಾಳೆ. ಅದಕ್ಕೇ ಆ ಹೆಸರು, ಅದಕ್ಕೇ ಆ ಜಾಗ ಹೆಚ್ಚು ಪುಣ್ಯದ್ದು ಅನ್ನುತ್ತಾರೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನೂ ಅಲ್ಲಿ ಬಿಟ್ಟಿದ್ದಾರೆ. ದೊಡ್ಡಪ್ಪನ ಮಗ ಪಂಚೆ ಎತ್ತಿ ಕಟ್ಟಿಕೊಂಡು ಕುಡಿಕೆ ಹಿಡಿದು ಇಳಿದ. ಮನೆಯ ಹೆಂಗಸರು ಒಬ್ಬೊಬ್ಬರಾಗಿ ಕೆಳಗಿನ ಮೆಟ್ಟಿಲ ತನಕ ಹೋಗಿ ನೀರು ಮುಟ್ಟಿ ಬಂದರು. ನನ್ನ ಸರದಿ ಬಂತು.

ಒಂಬತ್ತು ಮೆಟ್ಟಿಲು. ಎಣಿಸಿದ್ದೇನೆ. ನಾಲ್ಕು ಇಳಿದೆ. ಐದನೆಯದು ಒದ್ದೆಯಾಗಿತ್ತು. ಅದರ ಮೇಲೆ ಯಾರದೋ ಪೂಜೆಯ ಚೆಂಡುಹೂವಿನ ಎಸಳು ಅಂಟಿಕೊಂಡಿತ್ತು. ಕಾಲು ಮುಂದೆ ಹೋಗಲಿಲ್ಲ. ಹೋಗು ಅಂತ ಮನಸ್ಸು ಹೇಳುತ್ತಿದೆ, ಮಂಡಿ ಕೇಳುತ್ತಿಲ್ಲ. ಕೆಳಗೆ ನೀರಿನಲ್ಲಿ ಅವ್ವ ಹೋಗುತ್ತಿದ್ದಾಳೆ. ಬೂದಿಯ ತೆಳ್ಳನೆಯ ಪೊರೆಯೊಂದು ನೀರಿನ ಮೇಲೆ ಹರಡಿ, ಮುದುಡಿ, ಕಲ್ಲು ದಾಟಿ ಹೋಯಿತು. ನನ್ನನ್ನು ಹೆತ್ತವಳನ್ನು ಕಳಿಸಲು ನಾನು ಐದು ಮೆಟ್ಟಿಲು ಇಳಿಯಲಾಗಲಿಲ್ಲ. ಯಾರೂ ಏನೂ ಅನ್ನಲಿಲ್ಲ. ನೀರಿನ ಗಂಡದ ವಿಷಯ ಎಲ್ಲರಿಗೂ ಗೊತ್ತಿತ್ತು. ಹಾಗೆ ಎಲ್ಲರೂ ಅರ್ಥ ಮಾಡಿಕೊಂಡದ್ದೇ ನನಗೆ ಜಾಸ್ತಿ ನೋವಾಯಿತು.

ಯುಗಾದಿ ಕಳೆದ ಮೇಲೆ ಚಿಕ್ಕವ್ವನ ಮನೆಗೆ ಹೋಗಿದ್ದೆ. ಮಧ್ಯಾಹ್ನ. ಅವಳು ಹಿತ್ತಲ ಕಟ್ಟೆ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಮೆಟ್ಟಿಲ ವಿಷಯ ಹೇಳಿ ಅತ್ತೆ. ಆ ಜೋಯಿಸರು ನಿಜವಾಗಿ ಏನು ಹೇಳಿದ್ದರು ಚಿಕ್ಕವ್ವ ಅಂತ ಕೇಳಿದೆ. ಅವಳು ಸುಮಾರು ಹೊತ್ತು ಮಾತಾಡಲಿಲ್ಲ. ಮೂರೋ ನಾಲ್ಕೋ ಹಣ್ಣು ಬಿಡಿಸಿದಳು. ಆಮೇಲೆ ತಲೆ ಎತ್ತದೆ ಹೇಳಿದಳು.

"ಅವ್ರು ಗಂಡಾಂತ ಅಂದ್ರು, ಶಾಂತಿ ಮಾಡ್ಸಿ ಅಂದ್ರು. ನೀರು ಅಂದದ್ದು ನಿಮ್ಮವ್ವ."

ಅವ್ವನಿಗೊಬ್ಬ ತಮ್ಮ ಇದ್ದನಂತೆ. ಒಂಬತ್ತು ವರ್ಷ. ಅವ್ವನಿಗೆ ಆಗ ಹದಿಮೂರು. ಬಟ್ಟೆ ಒಗೆಯಲು ನಾಲೆಗೆ ಹೋದಾಗ ಜೊತೆಗೆ ಬಂದಿದ್ದ. ಅವತ್ತು ನೀರು ಬಿಟ್ಟಿದ್ದಾರೆ ಅಂತ ಗೊತ್ತಿರಲಿಲ್ಲ. ಅವ್ವ ತಲೆ ಬಗ್ಗಿಸಿ ದುಪ್ಪಟಿ ಹಿಂಡುತ್ತಿದ್ದಳಂತೆ, ತಲೆ ಎತ್ತುವಷ್ಟರಲ್ಲಿ ದಂಡೆಯ ಮೇಲೆ ಅವನ ಅಂಗಿ ಮಾತ್ರ ಇತ್ತು. ಎರಡು ದಿನ ಆದ ಮೇಲೆ ಕೆಳಗಿನ ತೂಬಿನಲ್ಲಿ ಸಿಕ್ಕಿದ. ಅವತ್ತಿನಿಂದ ಮನೆಯಲ್ಲಿ ಅವನ ಹೆಸರು ಯಾರೂ ಎತ್ತಲಿಲ್ಲ. ಚಿಕ್ಕವ್ವ ಆ ಹೆಸರು ಹೇಳಿದಳು. ಅದು ನಾನು ಮೊದಲ ಸಲ ಕೇಳಿದ್ದು. ನಮ್ಮ ಇಡೀ ವಂಶದಲ್ಲಿ ಆ ಹೆಸರನ್ನು ಯಾವ ಮಗುವಿಗೂ ಇಟ್ಟಿಲ್ಲ.

ನಮ್ಮ ಅವ್ವ ಎಲ್ಲದಕ್ಕೂ "ಬುಡತ್ಲಾಗೆ" ಅನ್ನುವವಳು. ಬೆಲ್ಲದ ರೇಟು ಬಿದ್ದರೆ ಬುಡತ್ಲಾಗೆ. ಒಡವೆ ಕಳೆದುಹೋದರೆ ಬುಡತ್ಲಾಗೆ. ನೆಂಟರು ಮಾತು ಬಿಟ್ಟರೆ, ಕೊಟ್ಟ ಸಾಲ ವಾಪಸ್ ಬರದಿದ್ದರೆ, ಬುಡತ್ಲಾಗೆ, ಬದುಕು ಇಲ್ಲಿಗೇ ಮುಗೀತಾ ಅನ್ನುತ್ತಿದ್ದಳು. ಅವಳಷ್ಟು ಹಗುರಾಗಿ ಬದುಕಿದವರನ್ನು ನಾನು ನೋಡಿಲ್ಲ. ಅಂಥವಳು ಒಂದನ್ನು ಮಾತ್ರ ಐವತ್ತು-ಅರವತ್ತು ವರ್ಷ ಬಿಡಲಿಲ್ಲ. ಹೇಳಿಕೊಳ್ಳಲು ಆಗದ್ದನ್ನು ನನ್ನ ಜಾತಕದೊಳಗೆ ಬಚ್ಚಿಟ್ಟಳು. ನನಗೆ ನೀರಿನ ಗಂಡ ಇದೆ ಅಂದರೆ ಅವಳು ನನ್ನನ್ನು ಕಾಯಬಹುದು. ನಾನು ದಂಡೆಯ ಮೇಲೆ ಕೂತಿರುವಷ್ಟು ಹೊತ್ತು ಅವಳು ತಲೆ ಎತ್ತಿದಾಗಲೆಲ್ಲ ನಾನು ಅಲ್ಲೇ ಇರುತ್ತೇನೆ.

ಇದು ಗೊತ್ತಾದ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಿಡುಗಡೆಯೂ ಆಗಲಿಲ್ಲ. ಇಂಥ ಕಾರಣ ಗೊತ್ತಾದ ಕೂಡಲೇ ಸಂಕೋಲೆ ಕಳಚಿ ಬೀಳುತ್ತದೆ ಅಂತ ತುಂಬ ಜನ ಹೇಳುತ್ತಾರೆ. ನನಗೆ ಹಾಗಾಗಲಿಲ್ಲ. ಮಂಡಿಗೆ ಕಥೆ ಅರ್ಥವಾಗುವುದಿಲ್ಲ. ಆದರೆ ಒಂದು ಬದಲಾಯಿತು. ಅಲ್ಲಿಯವರೆಗೆ ನಾನು ಆ ಹೆದರಿಕೆಯ ಒಳಗಿದ್ದೆ. ಈಗ ಅದನ್ನು ಹೊರಗಿಟ್ಟು ನೋಡಬಹುದಾಗಿತ್ತು, ಯಾರದೋ ಹಳೆಯ ಅಂಗಿ ನೋಡಿದ ಹಾಗೆ.

ನಾನು ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತೇನೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಕೆರೆ ಅದು. ಹದಿನೈದು ವರ್ಷದಿಂದ ನಡೆಯುತ್ತಿದ್ದೇನೆ, ಯಾವಾಗಲೂ ದಾರಿಯ ಆಚೆ ಬದಿಗೆ, ನೀರಿಗೆ ಬೆನ್ನು ಕೊಟ್ಟ ಬೆಂಚಿನಲ್ಲಿ ಕೂರುವುದು. ಆ ಬೇಸಿಗೆಯಲ್ಲಿ ಮೊದಲ ಸಲ ನೀರಿಗೆ ಮುಖ ಮಾಡಿ ಕೂತೆ. ಧ್ಯಾನ ಅಂತ ಹೆಸರಿಡುವಂಥದ್ದೇನೂ ಅಲ್ಲ. ಹೆಜ್ಜಾರ್ಲೆಗಳು ಇಳಿಯುವುದನ್ನು ನೋಡುವುದು, ಹೆದರಿಕೆ ಬಂದಾಗ ಅದು ಮೈಯಲ್ಲಿ ಎಲ್ಲಿದೆ ಅಂತ ಹುಡುಕುವುದು. ಗಂಟಲಲ್ಲಿ? ಹೌದು. ಕಾಲ್ಬೆರಳು? ಅವೂ ಮಡಚಿಕೊಂಡಿವೆ. ದವಡೆ ಬಿಗಿದಿದೆ. ಅಷ್ಟೇ. ಅದನ್ನು ಓಡಿಸಲು ಹೋಗದೆ ಇದೆಯಲ್ಲ ಅಂತ ನೋಡುತ್ತಾ ಕೂರುವುದು. ಕೆಲವು ದಿನ ಅದು ತಾನಾಗಿ ಸಡಿಲವಾಗುತ್ತಿತ್ತು. ಕೆಲವು ದಿನ ಇಲ್ಲ.

12ನೇ ಶತಮಾನದ ಶರಣರು ಅರಿವನ್ನೇ ಗುರು ಅಂದರು. ಅದು ದೊಡ್ಡವರ ಮಾತು. ನನಗೆ ಆಗ ಹತ್ತಿರವಾದ ಪದ ಎಚ್ಚರ. ನಾವು ಎಷ್ಟು ಸಲೀಸಾಗಿ ಬಳಸುತ್ತೀವಿ ಅದನ್ನು. ನಿದ್ದೆಯಿಂದ ಎದ್ದರೂ ಎಚ್ಚರ, ಜೋಪಾನವಾಗಿರು ಅನ್ನುವುದಕ್ಕೂ ಎಚ್ಚರ. ಅವ್ವ "ಉಸಾರು" ಅಂದಾಗಲೆಲ್ಲ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಎಚ್ಚರ ಅಂದರೆ ಕಣ್ಣು ಬಿಟ್ಟು ನೋಡುವುದಲ್ವಾ? ನೋಡಿದರೆ ನಾಲೆ ನಿಜಕ್ಕೂ ಅಪಾಯದ್ದೇ. ಇಳಿಜಾರು ಗೋಡೆ, ಪಾಚಿ ಕಟ್ಟಿದ ಕಲ್ಲು, ಮೇಲೆ ಸುಮ್ಮನೆ ಕಂಡರೂ ಒಳಗೆ ಸೆಳೆತ, ಬಿದ್ದವರಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಕಾವೇರಿ ದಂಡೆಯ ಬಲಮುರಿಯಲ್ಲಿ ಆಟವಾಡಲು ಇಳಿದವರು ವಾಪಸ್ ಬಾರದೆ ಇದ್ದದ್ದನ್ನು ಪೇಪರಿನಲ್ಲಿ ಓದುತ್ತಲೇ ಇರುತ್ತೀವಿ. ನಾನು ಈಗಲೂ ನನ್ನ ಮಕ್ಕಳಿಗೆ, ಅಂದರೆ ಶಾಲೆಯ ಮಕ್ಕಳಿಗೆ, ನಾಲೆಗೆ ಇಳಿಯಬೇಡಿ ಅಂತ ಗದರಿಯೇ ಹೇಳುತ್ತೇನೆ. ನಾನು ಬಿಡಬೇಕಾಗಿದ್ದದ್ದು ಆ ಜೋಪಾನವನ್ನಲ್ಲ. ನನ್ನ ಹೆಸರು ಬರೆದಿಟ್ಟ ನೀರೊಂದು ಎಲ್ಲೋ ಕಾಯುತ್ತಿದೆ ಅನ್ನುವುದನ್ನು.

ಮೇ ತಿಂಗಳಲ್ಲಿ ಸರಸ್ವತಿಪುರಂ ಕಡೆಯ ಈಜುಕೊಳಕ್ಕೆ ಸೇರಿದೆ. ಮಗಳೇ ಫಾರಂ ತುಂಬಿದಳು. ಮೊದಲ ವಾರ ಅಂಚಿನ ಸರಳು ಬಿಡಲೇ ಇಲ್ಲ. ಮುಖ ಮುಳುಗಿಸಿ ಗುಳ್ಳೆ ಬಿಡುವುದಷ್ಟೇ ಪಾಠ. ಹತ್ತು ವರ್ಷದ ಹುಡುಗಿಯರು ಪಕ್ಕದಲ್ಲಿ ಮೀನಿನ ಹಾಗೆ ಹೋಗುತ್ತಿದ್ದರು. ಕಲಿಸುವಾಕೆ ನನಗಿಂತ ತುಂಬ ಚಿಕ್ಕವಳು. ಅವಸರ ಮಾಡಲಿಲ್ಲ.

ಎರಡನೇ ವಾರದ ಕೊನೆಯಲ್ಲಿ ಅಂಗಾತ ತೇಲುವುದನ್ನು ಹೇಳಿಕೊಟ್ಟಳು. ನನ್ನ ಕತ್ತಿನ ಹಿಂದೆ ಎರಡು ಬೆರಳು ಇಟ್ಟಳು. ಬರೀ ಎರಡು. ನಾನು ನೀರನ್ನು ಮುಷ್ಟಿ ಕಟ್ಟಿ ಹಿಡಿದಿದ್ದೆ. "ಮೇಡಂ, ನೀರು ಹಿಡಿಯೋಕೆ ಸಿಗಲ್ಲ. ಕೈ ಬಿಡಿ" ಅಂದಳು. ಮುಳುಗುತ್ತೇನೆ ಅನ್ನಿಸಿದಾಗ ನಾವೆಲ್ಲ ಮೊದಲು ತಲೆ ಎತ್ತುತ್ತೀವಿ. ತಲೆ ಅಂದರೆ ನಾಲ್ಕೈದು ಕಿಲೋ ತೂಕ. ನೀರಿನಲ್ಲಿ ಇರುವಷ್ಟು ಹೊತ್ತು ಅದನ್ನು ನೀರೇ ಹೊರುತ್ತದೆ. ಹೊರಗೆ ತೆಗೆದ ಕೂಡಲೇ ಆ ಭಾರವೆಲ್ಲ ಮೈ ಮೇಲೆ ಬೀಳುತ್ತದೆ, ಸೊಂಟ ಇಳಿಯುತ್ತದೆ, ಕಾಲು ಮುಳುಗುತ್ತದೆ. ಉಳಿಯಬೇಕು ಅಂತ ಮಾಡುವ ಕೆಲಸವೇ ಮುಳುಗಿಸುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ವಿವರಿಸಬಲ್ಲೆ. ಆದರೂ ಅವತ್ತು ಏಳು ಸಲ ತಲೆ ಎತ್ತಿದೆ. ಏಳು ಸಲ ಮೂಗಿಗೆ ನೀರು ಹೋಯಿತು.

ಎಂಟನೇ ಸಲ ಕಿವಿ ನೀರಿನೊಳಗೆ ಹೋಯಿತು. ಕೊಳದ ಗಲಾಟೆಯೆಲ್ಲ ಥಟ್ಟನೆ ನಿಂತಿತು. ಕೊಡದೊಳಗೆ ಬಾಯಿಟ್ಟು ಉಸಿರಾಡಿದ ಹಾಗೆ ನನ್ನ ಉಸಿರು ನನಗೇ ಕೇಳಿಸಿತು. ದವಡೆ ಬಿಗಿದಿತ್ತು. ಕಾಲ್ಬೆರಳು ಮಡಚಿತ್ತು. ನೀರು ನಿನ್ನ ತಗೊಂಡು ಹೋಯ್ತದೆ ಅನ್ನುವ ಮಾತು ಬಂತು. ಅವ್ವನದೇ ದನಿ. ಈ ಸಲ ನಾನು ಅದನ್ನು ತಳ್ಳಲಿಲ್ಲ, ವಾದ ಮಾಡಲಿಲ್ಲ. ಪೂರ್ತಿ ಕೇಳಿಸಿಕೊಂಡೆ. ಆ ದನಿಯಲ್ಲಿ ಹದಿಮೂರು ವರ್ಷದ ಹುಡುಗಿ ಒಬ್ಬಳು ಒದ್ದೆ ದುಪ್ಪಟಿ ಹಿಡಿದು ನಿಂತಿದ್ದಳು. ಆಯ್ತು ಅವ್ವ, ನಾನಿಲ್ಲೇ ಇದೀನಿ ಅಂದೆ. ಬೆರಳು ತಾನಾಗಿ ಬಿಚ್ಚಿಕೊಂಡವು. ಎದೆ ತುಂಬ ಉಸಿರು ತಗೊಂಡೆ, ಮೈ ಸ್ವಲ್ಪ ಮೇಲೆ ಬಂತು. ಬಿಟ್ಟೆ, ಸ್ವಲ್ಪ ಇಳಿಯಿತು. ಮತ್ತೆ ತಗೊಂಡೆ, ಮತ್ತೆ ಬಂತು. ಮೇಲೆ ಆಕಾಶದಲ್ಲಿ ಒಂದು ಹದ್ದು ಸುತ್ತುತ್ತಿತ್ತು. ಅವಳು ಬೆರಳು ಯಾವಾಗ ತೆಗೆದಳೋ ನನಗೆ ಗೊತ್ತಾಗಲೇ ಇಲ್ಲ.

ಹೆದರಿಕೆ ಹೋಗಿಲ್ಲ. ಆಳದ ಕಡೆ ಹೋದರೆ ಈಗಲೂ ಗಂಟಲು ಕಟ್ಟುತ್ತದೆ. ಒಂದೇ ಉಸಿರಿಗೆ ನಾಲ್ಕೈದು ಮಾರು ಹೋಗುತ್ತೇನೆ, ಆಮೇಲೆ ಸರಳು ಬೇಕು. ಆದರೆ ಸ್ಕೂಟರ್ ಕಲಿತೆ. ಮಗಳು ಗೆಳತಿಯರ ಜೊತೆ ಉಡುಪಿ ಕಡೆ ಹೋಗಿ ಸಮುದ್ರ ನೋಡಿ ಬಂದಳು. ಅವಳು ಹೋದ ಮೂರು ದಿನವೂ ನಾನು ನಿದ್ದೆ ಮಾಡಲಿಲ್ಲ ಅನ್ನುವುದೂ ನಿಜ.

ಜುಲೈ ಬಂತು. ಕಟ್ಟೆಯ ಮಟ್ಟ 124.80 ಅಡಿ ಮುಟ್ಟಿತಾ ಅಂತ ಮಂಡ್ಯದವರೆಲ್ಲ ಕೇಳಿಕೊಳ್ಳುವ ಕಾಲ. ನಾಲೆಗೆ ನೀರು ಬಿಟ್ಟರು ಅಂತ ಪೇಪರಿನಲ್ಲಿ ಓದಿದೆ. ಫೋನ್ ಪಕ್ಕದಲ್ಲೇ ಇತ್ತು. ರಾತ್ರಿ ಚಿಕ್ಕವ್ವನಿಗೆ ನಾನೇ ಮಾಡಿದೆ. "ನೀರ್ ಬುಟ್ಟವ್ರಂತೆ ಚಿಕ್ಕವ್ವ" ಅಂದೆ. ಅವಳು ಹ್ಞೂಂ ಅಂದಳು. ಇಬ್ಬರೂ ಸ್ವಲ್ಪ ಹೊತ್ತು ಫೋನ್ ಇಡಲಿಲ್ಲ.

ಈ ಜನವರಿಯಲ್ಲಿ ಅವ್ವನ ವರ್ಷದ ಕಾರ್ಯಕ್ಕೆ ಮತ್ತೆ ಪಶ್ಚಿಮವಾಹಿನಿಗೆ ಹೋದೆವು. ದೊಡ್ಡಪ್ಪನ ಮಗ ಕೆಲಸ ಮುಗಿಸಿ ಮೇಲೆ ಬಂದ. ನನಗೂ ಒಂಚೂರು ಎಳ್ಳು ಕೊಡಿ ಅಂತ ಪುರೋಹಿತರನ್ನು ಕೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಏನೂ ಹೇಳದೆ ಅಂಗೈಗೆ ಹಾಕಿದರು.

ಐದನೇ ಮೆಟ್ಟಿಲು ಅವತ್ತೂ ಒದ್ದೆಯಾಗಿತ್ತು. ನಿಂತೆ. ದವಡೆ, ಗಂಟಲು, ಕಾಲ್ಬೆರಳು. ಎಲ್ಲ ಇದ್ದವು. ಇಳಿದೆ. ಎಂಟನೆಯದರಲ್ಲಿ ನೀರು ಪಾದಕ್ಕೆ ಬಂತು, ತಣ್ಣಗಿತ್ತು. ಒಂಬತ್ತನೆಯದು ದಾಟಿ ಸರಪಳಿ ಹಿಡಿದು ಮೊಣಕಾಲುದ್ದ ನಿಂತೆ. ಸೀರೆಯ ಅಂಚು ತೇಲಿ ಪಕ್ಕಕ್ಕೆ ಹೋಯಿತು. ಮೊದಲು ಅವ್ವನಿಗೆ ಬಿಟ್ಟೆ. ಆಮೇಲೆ ಇನ್ನೊಂದಿಷ್ಟು ಎಳ್ಳು ಅಂಗೈಯಲ್ಲಿ ಉಳಿದಿತ್ತು. ನೀರು ತುಂಬಿಕೊಂಡೆ. ಚಿಕ್ಕವ್ವ ಹೇಳಿದ್ದ ಆ ಹೆಸರನ್ನು ಗಟ್ಟಿಯಾಗಿ ಹೇಳಿದೆ.

ಹಿಂದೆ ಮಾತು ನಿಂತಿತು. ತಿರುಗಿ ನೋಡಿದೆ. ಚಿಕ್ಕವ್ವ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. "ಸಾಕು ಬಾ ಮ್ಯಾಕೆ" ಅಂತ ಕರೆಯುತ್ತಾಳೆ ಅಂದುಕೊಂಡೆ. ಅವಳು ಕರೆಯಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿ, ನಿಧಾನವಾಗಿ ಇಳಿಯತೊಡಗಿದಳು.

"ವಸಿ ಎಳ್ಳು ಉಳ್ಸವ್ವ" ಅಂದಳು. "ನಾನೂ ಬುಡ್ತೀನಿ."